ಚಪ್ಪಾಳೆಯ ಮುಳ್ಳು

ಕೋಲ್ಟರ್ಸ್ ಫೆರಿ, ಇಡಾಹೊ
9 ನವೆಂಬರ್ 1952

ಆರ್ಡಿಸ್,

ನಿನ್ನ ಕಾರ್ಡು ಬಂದು ಮೂರು ತಿಂಗಳಾಯಿತು. ಒಂದು ಕಡೆ ಸೇತುವೆಯ ಚಿತ್ರ, ಇನ್ನೊಂದು ಕಡೆ ಎರಡೂವರೆ ಸಾಲು. ಇರಲಿ, ಮಗಳು ಬದುಕಿದ್ದಾಳೆ ಅಂತ ತಿಳಿಯುವುದಕ್ಕೆ ಅಷ್ಟು ಸಾಕು.

ಇಲ್ಲಿ ಆಲೂಗಡ್ಡೆ ಬಂದು ಬಿದ್ದಿದೆ. ಬೆಳಗ್ಗೆ ಏಳಕ್ಕೆ ಷೆಡ್ಡಿನಲ್ಲಿ ಬೆಲ್ಟಿನ ಮುಂದೆ ನಿಲ್ಲುತ್ತೇನೆ. ಗಡ್ಡೆಗಳು ಉರುಳಿ ಬರುತ್ತಿರುತ್ತವೆ, ಕೊಳೆತದ್ದನ್ನು ಆರಿಸಿ ಬಿಸಾಡಬೇಕು. ಹೊಸ ಹುಡುಗಿಯರು ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಾರೆ. ನನಗೆ ಮುಟ್ಟಿದರೆ ಸಾಕು, ಕೈಗೇ ಗೊತ್ತಾಗುತ್ತದೆ. ಮೇಸ್ತ್ರಿ ಮೊನ್ನೆ, "ಹುಲ್ಡಾ, ಅರವತ್ತೊಂದಾಯ್ತು ನಿಂಗೆ, ಮನೇಲಿ ಕೂತ್ಕೋಬಾರ್ದಾ?" ಅಂದ. "ಮನೇಲಿ ಯಾರಿದಾರೆ ಅಂತ ಕೂತ್ಕೊಳ್ಳಲಿ?" ಅಂದೆ. ಇನ್ನೊಂದು ಮೂಟೆ ಬೆಲ್ಟಿಗೆ ಸುರಿದು ಹೋದ.

ಊರಿನ ದೊಡ್ಡ ಸುದ್ದಿ ಅಂದರೆ ನಮಗೂ ಟೀವಿ ಬರುತ್ತದಂತೆ. ವಾಷಿಂಗ್ಟನ್ನಿನವರು ನಾಲ್ಕು ವರ್ಷ ಯಾವ ಊರಿಗೂ ಹೊಸ ಪರವಾನಗಿ ಕೊಡದೆ ಬೀಗ ಹಾಕಿ ಕೂತಿದ್ದರಲ್ಲ, ಈಗ ತೆಗೆದಿದ್ದಾರೆ. ವಸಂತದಲ್ಲಿ ಗುಡ್ಡದ ಮೇಲೆ ಗೋಪುರ ನಿಲ್ಲುತ್ತದೆ. ರೇಡಿಯೊ ಅಂಗಡಿಯ ಓರ್ವಿಲ್ ಸ್ಟ್ರಾಂಡ್ ಈಗಲೇ ಒಂದು ಪೆಟ್ಟಿಗೆ ತರಿಸಿ ಕಿಟಕಿಯಲ್ಲಿಟ್ಟು ಹಚ್ಚಿದ್ದಾನೆ. ಅದರಲ್ಲಿ ಬರುವುದು ಬರೀ ಚುಕ್ಕಿ, ಇರುವೆ ಹರಿದಾಡಿದ ಹಾಗೆ. ಜನ ಅದನ್ನೂ ನಿಂತು ನೋಡುತ್ತಾರೆ! ಪಾದ್ರಿಗಳೂ ನಿಂತಿದ್ದರು. "ಏನು ಕಾಣ್ತಿದೆ ಪಾದ್ರಿಗಳೇ?" ಅಂದೆ. "ಇನ್ನೂ ಏನಿಲ್ಲ ಹುಲ್ಡಾ, ಇರ್ಲಿ ನೋಡೋಣ ಅಂತ," ಅಂದರು. ನನ್ನ ಮಗಳು ಟೀವಿ ತಯಾರಾಗುವ ಊರಿನಲ್ಲೇ ಇದ್ದಾಳೆ ಅಂತ ಅಲ್ಲಿದ್ದವರ ಮುಂದೆಲ್ಲ ಜಂಬ ಕೊಚ್ಚಿ ಬಂದೆ.

ಕ್ರಿಸ್‌ಮಸ್ಸಿಗೆ ಬಾ. ಎಂಟು ವರ್ಷವಾಯಿತು ನೀನು ಹೋಗಿ. ಮೊಮ್ಮಗಳು ಕೊರಿನ್‌ಗೆ ಆರು ವರ್ಷ, ನಾನು ಅವಳನ್ನು ನೋಡಿರುವುದು ಎರಡು ಫೋಟೊದಲ್ಲಿ. ನಿನ್ನ ಕೋಣೆ ಹಾಗೇ ಇದೆ. ಏಲಕ್ಕಿ ಬ್ರೆಡ್ಡು ಮಾಡಿಡುತ್ತೇನೆ. ನೀಲಿ ಉಣ್ಣೆಯ ಶಾಲೊಂದು ಹೆಣೆದು ಕಳಿಸಿದ್ದೇನೆ, ಹೊದ್ದುಕೊಂಡು ಬಾ.

ನಿನ್ನ ಅಮ್ಮ

---

ಬ್ರೂಕ್ಲಿನ್
2 ಡಿಸೆಂಬರ್ 1952

ಅಮ್ಮಾ,

ಶಾಲು ತಲುಪಿತು, ತುಂಬ ಬೆಚ್ಚಗಿದೆ. ಕ್ರಿಸ್‌ಮಸ್ಸಿಗೆ ಆಗುವುದಿಲ್ಲ. ನಾವು ಫ್ಯಾಕ್ಟರಿಯಲ್ಲಿ ಕೋಟುಗಳಿಗೆ ಒಳಪದರ ಹೊಲಿಯುವವರು, ಚಳಿಗಾಲದಲ್ಲಿ ರಜೆ ಕೇಳಿದರೆ ಮರುದಿನ ನನ್ನ ಮಿಷನ್ನಿನ ಮುಂದೆ ಬೇರೆಯವಳು ಕೂತಿರುತ್ತಾಳೆ. ವಾಲ್ಟ್ ಬಗ್ಗೆ ಕೇಳಬೇಡ. ಹೆಂಡತಿ ಮಗಳನ್ನು ಬಿಟ್ಟು ಹೋದವನು ಹೋದ, ಎರಡು ವರ್ಷವಾಯಿತು, ಅವನ ವಿಷಯ ಬಂದರೆ ಕೊರಿನ್ ಊಟ ಬಿಡುತ್ತಾಳೆ.

ಕೊರಿನ್ ಚೆನ್ನಾಗಿದ್ದಾಳೆ. ಆಗಸ್ಟಿನಲ್ಲಿ ಕೆಟ್ಟ ಹಾಲು ಕುಡಿದು ಹತ್ತು ದಿನ ಆಸ್ಪತ್ರೆಯಲ್ಲಿದ್ದಳು, ನಿನಗೆ ಬರೆದಿರಲಿಲ್ಲ. ನಮಗೆ ಫ್ರಿಜ್ಜಿಲ್ಲ. ಹಾಲಿನ ಬಾಟಲಿಯನ್ನು ಕಿಟಕಿಯ ಹೊರಗಿಡುತ್ತೇನೆ. ಚಳಿಗಾಲದಲ್ಲಿ ಪರವಾಗಿಲ್ಲ, ಬೇಸಿಗೆಗೆ ಏನು ಮಾಡಲಿ?

ಕೆಳಗಿನ ಮಹಡಿಯ ಮನೆಯೊಡತಿ ಮಿಸೆಸ್ ಪಿಂಕಸ್ ಹತ್ತಿರ ಟೀವಿ ಇದೆ. ಮಧ್ಯಾಹ್ನ ಮೂರಕ್ಕೆ ‘ನಿಮ್ಮ ಕಷ್ಟ ಹೇಳಿ’ ಅಂತ ಬರುತ್ತದೆ. ಮೂವರು ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕಷ್ಟ ಹೇಳಿ ಅಳಬೇಕು. ಆಮೇಲೆ ಒಬ್ಬೊಬ್ಬರಿಗೂ ಎದುರು ಕೂತ ಜನ ಚಪ್ಪಾಳೆ ಹೊಡೆಯುತ್ತಾರೆ. ಚಪ್ಪಾಳೆ ಅಳೆಯುವ ಗಡಿಯಾರದಂಥದ್ದು ಒಂದಿದೆ, ಅದರ ಮುಳ್ಳು ಯಾರಿಗೆ ಎಲ್ಲರಿಗಿಂತ ಮೇಲೇರುತ್ತದೋ ಅವಳು ಗೆದ್ದಳು. ಕೇಳಿದ್ದೂ ಸಿಗುತ್ತದೆ, ಅದರ ಜೊತೆಗೆ ಫ್ರಿಜ್ಜು, ಬಟ್ಟೆ ಒಗೆಯುವ ಮಿಷನ್ನು. ಪಿಂಕಸಮ್ಮ ಕರವಸ್ತ್ರ ಹಿಡಿದೇ ಕೂರುತ್ತಾಳೆ. "ಇವತ್ತಿನೋಳು ಸುಮಾರು ಕಣೇ, ನಿನ್ನೆ ಕುಂಟ ಗಂಡನ ಹೆಂಡ್ತಿ ಚೆನ್ನಾಗಿದ್ಲು," ಅನ್ನುತ್ತಾಳೆ.

ನಿಮ್ಮ ಊರಿಗೆ ಟೀವಿ ವಸಂತಕ್ಕೇ ಅಲ್ಲವಾ? ಅದಕ್ಕೆ ಮುಂಚೆ ಬರುವುದಿಲ್ಲವಲ್ಲ? ಸುಮ್ಮನೆ ಕೇಳಿದೆ.

ಆರ್ಡಿಸ್

---

ಬ್ರೂಕ್ಲಿನ್
25 ಜನವರಿ 1953

ಅಮ್ಮಾ,

ನಂಬುತ್ತೀಯಾ? ಫ್ರಿಜ್ಜು ಬಂತು! ಒಗೆಯುವ ಮಿಷನ್ನೂ ಬಂತು! ಅಂಗಡಿಯೊಂದರಲ್ಲಿ ಚೀಟಿ ಎತ್ತಿದರು, ನನ್ನ ಹೆಸರು ಬಂತು. ಮೇಲಕ್ಕೆ ಹೊರಲು ನಾಲ್ಕು ಆಳು ಬೇಕಾಯಿತು. ಕೊರಿನ್ ಅದರ ಬಾಗಿಲು ತೆಗೆದು ಒಳಗಿನ ದೀಪ ನೋಡುತ್ತಾಳೆ, ಮುಚ್ಚುತ್ತಾಳೆ, ಮತ್ತೆ ತೆಗೆಯುತ್ತಾಳೆ. ಈಗ ಅವಳಿಗೆ ದಿನಕ್ಕೆ ಮೂರು ಲೋಟ ಹಾಲು.

ನಾನು ಎಷ್ಟೋ ದಿನದ ಮೇಲೆ ನಕ್ಕಿದ್ದೇನೆ.

ಆರ್ಡಿಸ್

---

ಕೋಲ್ಟರ್ಸ್ ಫೆರಿ
8 ಫೆಬ್ರವರಿ 1953

ಆರ್ಡಿಸ್,

ನಿನ್ನ ಕಾಗದವನ್ನು ಷೆಡ್ಡಿಗೆ ಒಯ್ದು ಎಲ್ಲರಿಗೂ ಓದಿ ಹೇಳಿದೆ. ಎಥೆಲ್ ಪಾಮ್ ಹೊಟ್ಟೆ ಉರಿದುಕೊಂಡು, "ನಮ್ಗೆ ಯಾಕೆ ಯಾವ ಚೀಟೀನೂ ಹತ್ತಲ್ವೋ," ಅಂದಳು. "ಅದಕ್ಕೂ ಹಣೇಬರ ಬೇಕು ಎಥೆಲ್," ಅಂದೆ. ಟೀವಿ ಶುರುವಾಗುವ ದಿನ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಅಂತ ಓರ್ವಿಲ್ ಹೇಳಿದ್ದಾನೆ. ನ್ಯೂಯಾರ್ಕಿನಲ್ಲಿ ಮಗಳಿರುವವಳು ನಾನೊಬ್ಬಳೇ ತಾನೆ.

ಈಗ ಹಾಲಿನ ಯೋಚನೆ ಇಲ್ಲ. ಬೇಸಿಗೆಯಲ್ಲಾದರೂ ಬಂದು ಹೋಗು.

ಅಮ್ಮ

---

ಕೋಲ್ಟರ್ಸ್ ಫೆರಿ
19 ಏಪ್ರಿಲ್ 1953

ಆರ್ಡಿಸ್,

ಟೀವಿ ಬಂತು.

ಮಂಗಳವಾರ ಷೆಡ್ಡಿಗೆ ಅರ್ಧ ದಿನ ರಜೆ. ಓರ್ವಿಲ್ ಅಂಗಡಿಗೆ ಚರ್ಚಿನ ಬೆಂಚುಗಳನ್ನೆಲ್ಲ ಹೊತ್ತು ತಂದಿದ್ದರು. ನಾನು ಕೂದಲಿಗೆ ಸುರುಳಿ ಹಾಕಿಸಿಕೊಂಡು ಹೋಗಿದ್ದೆ. ಮುಂದಿನ ಸಾಲಿನ ನಟ್ಟನಡುವೆ ನನ್ನ ಕುರ್ಚಿ. ಮೇಯರು ಮಾತಾಡಿದರು, ಯಾವಳೋ ಅಕಾರ್ಡಿಯನ್ ನುಡಿಸಿದಳು, ಆಮೇಲೆ ‘ನಿಮ್ಮ ಕಷ್ಟ ಹೇಳಿ’ ಬಂತು.

ಒಂದು ವಿಷಯ ನಿನಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನನಗೂ ಓರ್ವಿಲ್ ಹೇಳಿದ ಮೇಲೆ ಗೊತ್ತಾದದ್ದು. ನಿಮ್ಮ ಕಡೆಯ ಆಟಗಳು ನಮ್ಮಂಥ ಟೀವಿ ತಂತಿ ಎಳೆಯದ ಊರಿಗೆ ನೇರವಾಗಿ ಬರುವುದಿಲ್ಲ. ಅಲ್ಲಿ ಟೀವಿ ಪರದೆಯ ಎದುರು ಕ್ಯಾಮೆರಾ ಇಟ್ಟು ಎಲ್ಲವನ್ನೂ ಫಿಲ್ಮಿಗೆ ಹಿಡಿಯುತ್ತಾರಂತೆ. ಆ ಫಿಲ್ಮು ಡಬ್ಬಿಯಲ್ಲಿ ಬಸ್ಸು ಹತ್ತಿ ಊರಿಂದ ಊರಿಗೆ ಹೋಗುತ್ತದಂತೆ. ನಮ್ಮ ಸರದಿ ಬರುವ ಹೊತ್ತಿಗೆ ಮೂರು ತಿಂಗಳು. ನಾವು ಮಂಗಳವಾರ ನೋಡಿದ್ದು ಜನವರಿಯದು.

ಮೊದಲನೆಯವಳಿಗೆ ಕುರುಡು ಗಂಡ. ಎರಡನೆಯವಳ ಮನೆ ಸುಟ್ಟುಹೋಗಿತ್ತು. ಮೂರನೆಯವಳು ನನ್ನ ನೀಲಿ ಶಾಲು ಹೊದ್ದುಕೊಂಡಿದ್ದಳು. ನಾನು ಎದ್ದು ನಿಂತು, "ನಮ್ ಆರ್ಡಿಸ್! ನೋಡ್ರೇ, ನಮ್ ಆರ್ಡಿಸ್!" ಅಂತ ಕೂಗಿದೆ. ಅಂಗಡಿಗೆ ಅಂಗಡಿಯೇ ಚಪ್ಪಾಳೆ ಹೊಡೆಯಿತು. ಎಷ್ಟು ಇಳಿದುಹೋಗಿದ್ದೀಯೇ ಅಂತ ನನಗೆ ಸಂಕಟವಾಯಿತು.

ಆಗ ನೀನು ಬಾಯಿ ಬಿಟ್ಟೆ. "ನಮ್ಮಮ್ಮ ನವೆಂಬರಲ್ಲಿ ತೀರ್ಕೊಂಡ್ರು ಸಾರ್. ಕೊನೇವರ್ಗೂ ನನ್ ಹೆಸ್ರೇ ಕರೀತಿದ್ರಂತೆ. ನಂಗೆ ಹೋಗಕ್ಕಾಗ್ಲಿಲ್ಲ. ಈ ಶಾಲು ಹಾಸಿಗೇಲಿ ಮಲಗ್ಕೊಂಡೇ ಹೆಣೆದಿದ್ದು. ಗೋರಿ ಮೇಲೆ ಒಂದ್ ಕಲ್ಲೂ ಇಲ್ಲ ಸಾರ್. ನಂಗೇನೂ ಬೇಡ, ಅಮ್ಮಂಗೊಂದು ಕಲ್ಲು ಕೊಡ್ಸಿ."

ಎಲ್ಲ ಮಾತೂ ನೆನಪಿದೆ. ಆಟ ನಡೆಸುವ ಆ ಸೂಟಿನವನು ಕಣ್ಣೊರೆಸಿಕೊಂಡ. ಮುಳ್ಳು ಕೊನೆ ಮುಟ್ಟಿ ಅಲ್ಲೇ ನಡುಗುತ್ತ ನಿಂತಿತು.

ನಮ್ಮ ಅಂಗಡಿಯಲ್ಲಿ ಎಥೆಲ್ ಪಾಮ್ ಚಪ್ಪಾಳೆಗೆ ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಟೋಪಿ ಸರಿಮಾಡಿಕೊಂಡಳು. ಪಾದ್ರಿಗಳು, "ಅದು ಬೇರೆ ಯಾರೋ ಇರ್ಬೇಕು ಹುಲ್ಡಾ," ಅಂದರು. ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು. ನಾಚಿಕೆಗೇಡಿನ ಮಾತೊಂದು ಹೇಳುತ್ತೇನೆ. ನೀನು ಅತ್ತಾಗ ನನಗೂ ಅಳು ಬಂದಿತ್ತು. ಕಣ್ಣೊರೆಸಿಕೊಂಡ ಮೇಲೆ ನೆನಪಾಯಿತು, ಸತ್ತವಳು ನಾನು ಅಂತ.

ಈಗ ಷೆಡ್ಡಿನಲ್ಲಿ ನಾನು ಒಳಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಾರೆ.

ಒಂದೇ ಪ್ರಶ್ನೆ. ಫ್ರಿಜ್ಜು ಎಷ್ಟು ದೊಡ್ಡದಿದೆ?

ಹುಲ್ಡಾ ಲಿಂಡ್‌ಕ್ವಿಸ್ಟ್

---

ಬ್ರೂಕ್ಲಿನ್
3 ಮೇ 1953

ಅಮ್ಮಾ,

ಏಳು ಸಲ ಬರೆದು ಹರಿದು ಹಾಕಿದೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಲ್ಲಿ ಮೂವತ್ತು ಹೆಂಗಸರು ಕಾರಿಡಾರಿನಲ್ಲಿ ಸಾಲಾಗಿ ನಿಂತಿದ್ದೆವು. ಕಷ್ಟವನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ನಾನು ನಿಜವನ್ನೇ ಬರೆದಿದ್ದೆ: ಮಗಳಿಗೆ ಹುಷಾರಿಲ್ಲ, ಹಾಲು ಕೆಡುತ್ತದೆ, ಫ್ರಿಜ್ಜು ಬೇಕು. ಆರಿಸುವವಳು ಮಿಸ್ ಕೆಸ್ಲರ್ ಅಂತ. ಪೆನ್ಸಿಲ್ ಕಚ್ಚಿಕೊಂಡು ಓದಿ, "ಫ್ರಿಜ್ಜಿಗೆ ಈ ವಾರ ಹನ್ನೊಂದು ಜನ ಇದಾರಮ್ಮ. ಫ್ರಿಜ್ ಕೇಳಿದೋರಿಗೆ ಫ್ರಿಜ್ ಸಿಗಲ್ಲ. ಬೇರೆ ಏನಾದ್ರೂ ಕೇಳು, ಗೆದ್ರೆ ಫ್ರಿಜ್ಜು ತಾನಾಗೇ ಬರುತ್ತೆ," ಅಂದಳು. ಗಂಡ ಬಿಟ್ಟುಹೋದ ಅಂದೆ. "ಅದೆಲ್ಲ ಬೇಡ, ದುಡ್ಡು ಹಾಕೋ ಸೋಪಿನ ಕಂಪನಿಯೋರು ಒಪ್ಪಲ್ಲ. ಯಾರಾದ್ರೂ ಸತ್ತಿದಾರಾ?"

ಇಲ್ಲ ಅಂದಿದ್ದರೆ ಬಾಗಿಲು ಹಿಂದೆ ಇತ್ತು. ಮೈಮೇಲೆ ನಿನ್ನ ಶಾಲಿತ್ತು. ಬಾಯಿಗೆ ನೀನು ಬಂದೆ.

ನಿಮ್ಮ ಊರಿಗೆ ಟೀವಿ ಇಲ್ಲ ಅಂತ ನೀನೇ ಬರೆದಿದ್ದೆ. ಗಾಳಿಯಲ್ಲಿ ಆಡಿದ ಮಾತು ಗಾಳಿಗೆ ಹೋಯಿತು ಅಂದುಕೊಂಡೆ. ಡಬ್ಬಿಗೆ ತುಂಬಿ ಊರೂರಿಗೆ ಹೊರುತ್ತಾರೆ ಅಂತ ನನಗೇನು ಗೊತ್ತು?

ಒಂದು ಮಾತು ಮಾತ್ರ ಕೇಳು. ನಾನು ವಾಲ್ಟ್ ಜೊತೆ ರೈಲು ಹತ್ತಿದ ದಿನ ಪ್ಲಾಟ್‌ಫಾರಮ್ಮಿನಲ್ಲಿ ಎಲ್ಲರೆದುರು ನೀನು ಏನಂದೆ? "ಈ ರೈಲು ಹತ್ತಿದ್ರೆ ನನ್ ಪಾಲಿಗೆ ನೀನು ಸತ್ತೆ ಅಂತ್ಲೇ ಲೆಕ್ಕ." ಮೊದಲು ಕೊಂದವಳು ನೀನು. ಆಗ ಸತ್ತಿದ್ದಕ್ಕೆ ನನಗೆ ಫ್ರಿಜ್ಜೂ ಸಿಗಲಿಲ್ಲ.

ಈಗ ಕಷ್ಟದ ಮಾತು. ಕಲ್ಲು ನಿಜವಾಗಿಯೂ ಬರುತ್ತಿದೆ. ಜೂನ್ ಇಪ್ಪತ್ತಕ್ಕೆ ನನ್ನನ್ನೂ ಕೊರಿನ್‌ಳನ್ನೂ ಸೋಪಿನ ಕಂಪನಿ ತನ್ನ ಖರ್ಚಿನಲ್ಲಿ ಅಲ್ಲಿಗೆ ಕಳಿಸುತ್ತದೆ. ಜೊತೆಗೆ ಒಬ್ಬ ಫೋಟೊಗ್ರಾಫರ್. ನಾವು ಗೋರಿಗೆ ಹೂವಿಡುವ ಫೋಟೊ ಪತ್ರಿಕೆಗಳಲ್ಲಿ ಜಾಹೀರಾತಾಗಿ ಬರುತ್ತದೆ. ಸುಳ್ಳು ಅಂತ ಗೊತ್ತಾದರೆ ಎಲ್ಲ ವಾಪಸ್ಸು. ಆ ಒಂದು ದಿನ ನೀನು ಎಲ್ಲಾದರೂ ಹೋಗಿರು ಅಮ್ಮಾ. ಕಾಲು ಹಿಡಿಯುತ್ತೇನೆ. ಕೊರಿನ್ ಕೆನ್ನೆಯಲ್ಲಿ ಈಗ ಬಣ್ಣ ಬಂದಿದೆ.

ಆರ್ಡಿಸ್

---

ಕೋಲ್ಟರ್ಸ್ ಫೆರಿ
7 ಜೂನ್ 1953

ಆರ್ಡಿಸ್,

ಕಲ್ಲು ಬಂತು. ಬೂದು ಬಣ್ಣದ ಗ್ರಾನೈಟು, ಒಳ್ಳೆಯದೇ ಕಳಿಸಿದ್ದಾರೆ. "ಹುಲ್ಡಾ ಲಿಂಡ್‌ಕ್ವಿಸ್ಟ್, 1891–1952, ಪ್ರೀತಿಯ ಅಮ್ಮ." ಸ್ಟೇಷನ್ ಮಾಸ್ಟರು ತಲೆ ತಗ್ಗಿಸಿಕೊಂಡೇ ಪುಸ್ತಕ ಚಾಚಿ, "ತಗೊಂಡೋರು ಸಹಿ ಹಾಕ್ಬೇಕು ಹುಲ್ಡಾ," ಅಂದರು. ಹಾಕಿದೆ. ತನ್ನ ಗೋರಿಕಲ್ಲಿಗೆ ತಾನೇ ಸಹಿ ಹಾಕಿ ಬಿಡಿಸಿಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅದನ್ನು ನಿಮ್ಮಪ್ಪನ ಗೋರಿಯ ಪಕ್ಕದಲ್ಲಿ ನಿಲ್ಲಿಸಿದ್ದೇವೆ. ಊರಿನವರು ಬಾಯಿ ಬಿಡುವುದಿಲ್ಲ, ನಾನು ಕೇಳಿಕೊಂಡಿದ್ದೇನೆ. ನಾನು ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ಮನೆಯ ಶ್ರೀಮತಿ ನೈಬರ್ಗ್ ಆಗಿ ಅಲ್ಲೇ ನಿಂತಿರುತ್ತೇನೆ. ಮೊಮ್ಮಗಳನ್ನು ನೋಡಬೇಕು.

ಆದರೆ ಒಂದು ಷರತ್ತು. ಫೋಟೊದವನು ಹೋದ ಮೇಲೆ ನೀನೂ ಮಗುವೂ ಒಂದು ವಾರ ನನ್ನ ಮನೆಯಲ್ಲಿರಬೇಕು. ಆಗ ಅವಳಿಗೆ ನಾನು ಯಾರು ಅಂತ ಹೇಳಬೇಕು. ಅಷ್ಟು ಮಾಡಿದರೆ ಒಂದು ಮಧ್ಯಾಹ್ನದ ಮಟ್ಟಿಗೆ ಸತ್ತಿರುತ್ತೇನೆ. ಒಪ್ಪಿಗೆಯಿದ್ದರೆ ಮಾತ್ರ ಬಾ.

ಅಮ್ಮ

---

ಬ್ರೂಕ್ಲಿನ್
28 ಜೂನ್ 1953

ಅಮ್ಮಾ,

ನಿನಗೆ ಕೋಪ ಬಂದಿದೆ ಅಂತ ಗೊತ್ತು.

ನಾವು ಇಳಿಯುವ ಹೊತ್ತಿಗೇ ಆ ಫೋಟೊಗ್ರಾಫರ್ ನಾಲ್ಕು ಗಂಟೆಯ ರೈಲಿಗೇ ವಾಪಸ್ಸು ಅಂದುಬಿಟ್ಟ. ಎರಡು ದಿನ ಕಳೆದರೆ ಚಿಕಾಗೊದಲ್ಲಿ ಕಂಪನಿಯ ಔತಣ, ಅಲ್ಲಿ ನಾನು ಫ್ರಿಜ್ಜಿನ ಪಕ್ಕ ನಿಲ್ಲಬೇಕಂತೆ. ನಾನು ಉಳಿಯುತ್ತೇನೆ ಅಂದಿದ್ದರೆ "ಯಾರ ಮನೇಲಿ?" ಅಂತ ಕೇಳುತ್ತಿದ್ದ. ನಿನ್ನ ಕಡೆಯೇ ನೋಡುತ್ತಿದ್ದ. ನಾನು ಹೆದರಿಬಿಟ್ಟೆ.

ಕಪ್ಪು ಟೋಪಿಯಲ್ಲಿ ನೀನು ಎಷ್ಟು ನೆಟ್ಟಗೆ ನಿಂತಿದ್ದೆ. "ನೈಬರ್ಗಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ, ಕಲ್ಲಿನ ಮೇಲೆ ನಿಮ್ಮ ನೆರಳು ಬೀಳ್ತಿದೆ," ಅಂತ ಅವನು ಅಂದಾಗ ನನ್ನ ಜೀವ ಹೋಯಿತು. ನೀನು ಪಕ್ಕಕ್ಕೆ ಸರಿದೆ. ಕೊರಿನ್ ನಿನಗೆ ಅರ್ಧ ಬಿಸ್ಕತ್ತು ಕೊಟ್ಟಳು, ನೀನು ತಿನ್ನದೆ ಕೈಚೀಲದಲ್ಲಿಟ್ಟುಕೊಂಡೆ. "ನಮ್ಮಜ್ಜಿ ನಿಮ್ಗೆ ಗೊತ್ತಿತ್ತಾ?" ಅಂತ ಅವಳು ಕೇಳಿದಳು. "ಗೊತ್ತಿತ್ತು ಮರಿ. ಬಾಯಿ ಜೋರಿನ ಹೆಂಗಸು," ಅಂದೆ. ನಾನು ಹೂವಿನ ಹಿಂದೆ ಮುಖ ಮುಚ್ಚಿಕೊಂಡೆ. ಅವನು ಅದನ್ನೇ ಫೋಟೊ ತೆಗೆದ.

ನಿನ್ನ ಅಡುಗೆಮನೆ ಚಿಮಣಿಯಲ್ಲಿ ಹೊಗೆ ಕಂಡಿತು. ಏಲಕ್ಕಿ ಬ್ರೆಡ್ಡಿನ ವಾಸನೆ ಬೀದಿಯವರೆಗೂ ಬರುತ್ತಿತ್ತು. ಮುಂದಿನ ವರ್ಷ ಖಂಡಿತ ಬರುತ್ತೇನೆ ಅಮ್ಮಾ. ಒಂದು ವಾರವಲ್ಲ, ಒಂದು ತಿಂಗಳು. ಒಂದೆರಡು ಸಾಲು ಬರೆ.

ಆರ್ಡಿಸ್

---

ಬ್ರೂಕ್ಲಿನ್
16 ಆಗಸ್ಟ್ 1953

ಅಮ್ಮಾ,

ಇದು ಮೂರನೆಯ ಕಾಗದ. ಯಾವುದಕ್ಕೂ ಉತ್ತರವಿಲ್ಲ. ಬೈದಾದರೂ ಬರೆ.

ಆರ್ಡಿಸ್

---

ಬ್ರೂಕ್ಲಿನ್
25 ಅಕ್ಟೋಬರ್ 1953

ಅಮ್ಮಾ,

ಎಲ್ಲ ಮುಗಿಯಿತು. ಯಾರೋ ಸೋಪಿನ ಕಂಪನಿಗೆ ಬರೆದು ಹಾಕಿದ್ದಾರೆ. ಎಥೆಲ್ ಪಾಮ್ ಇರಬೇಕು, ಅವಳ ಹೊಟ್ಟೆಯುರಿ ನನಗೆ ಗೊತ್ತಿಲ್ಲವೇ. ಸೆಪ್ಟೆಂಬರಿನಲ್ಲಿ ಬಂದು ಫ್ರಿಜ್ಜನ್ನೂ ಮಿಷನ್ನನ್ನೂ ಇಳಿಸಿಕೊಂಡು ಹೋದರು. ಫ್ರಿಜ್ಜಿನ ಒಳಗಿದ್ದ ಹಾಲು, ಬೆಣ್ಣೆಯನ್ನೆಲ್ಲ ತೆಗೆದು ಮೆಟ್ಟಿಲ ಮೇಲಿಟ್ಟರು. ಕೊರಿನ್ ಅವರ ಹಿಂದೆಯೇ ಬೀದಿವರೆಗೂ ಓಡಿದಳು.

ಆಮೇಲೆ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು. "ಬದುಕಿರುವ ತಾಯಿಯನ್ನು ಹೂತವಳು" ಅಂತ ದಪ್ಪಕ್ಷರ. ಫ್ಯಾಕ್ಟರಿಯಲ್ಲಿ ಬರಬೇಡ ಅಂದರು. ಬೇರೆ ಎಲ್ಲಿಗೆ ಹೋದರೂ ಮುಖ ನೋಡಿ, "ನೀನು ಅವಳೇ ಅಲ್ವಾ?" ಅನ್ನುತ್ತಾರೆ. ಪಿಂಕಸಮ್ಮ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು ಅಂದಿದ್ದಾಳೆ. "ನಿನ್ನನ್ನ ನೋಡಿ ನಾನೂ ಅತ್ತಿದ್ನಲ್ಲೇ, ನನ್ ಕಣ್ಣೀರು ವಾಪಸ್ ಕೊಡ್ತೀಯಾ?" ಅಂತ ಜಗಳ. ಮಕ್ಕಳ ಇಲಾಖೆಯ ಹೆಂಗಸು ಎರಡು ಸಲ ಬಂದಳು. ನವೆಂಬರ್ ಮುಗಿಯುವುದರೊಳಗೆ ಮನೆ, ಕೆಲಸ ಎರಡನ್ನೂ ತೋರಿಸದಿದ್ದರೆ ಕೊರಿನ್‌ಳನ್ನು ಅನಾಥಾಲಯಕ್ಕೆ ಹಾಕುತ್ತಾರಂತೆ.

ನಮ್ಮನ್ನು ಕರೆಸಿಕೋ ಅಮ್ಮಾ. ನಾನು ಷೆಡ್ಡಿನಲ್ಲಿ ನಿನ್ನ ಪಕ್ಕ ನಿಂತು ಆಲೂಗಡ್ಡೆ ಆರಿಸುತ್ತೇನೆ. ಊರಿನವರು ಉಗಿದರೂ ಒರೆಸಿಕೊಳ್ಳುತ್ತೇನೆ. ಅಡುಗೆಮನೆಯ ನೆಲದ ಮೇಲೆ ಮಲಗುತ್ತೇನೆ. ಹೂಂ ಅಂತ ಒಂದು ಸಾಲು ಬರೆ.

ನಿನ್ನ ಆರ್ಡಿಸ್

---

ಕೋಲ್ಟರ್ಸ್ ಫೆರಿ
4 ನವೆಂಬರ್ 1953

ಆರ್ಡಿಸ್,

ಎಥೆಲ್ ಪಾಮ್‌ಳನ್ನು ಸುಮ್ಮನೆ ಬೈಯಬೇಡ. ಕಂಪನಿಗೆ ಬರೆದವಳು ನಾನು. ಜುಲೈ ಮೂರರಂದು ಪೂರ್ತಿ ಹೆಸರು ಹಾಕಿ ಬರೆದೆ. ಕಲ್ಲಿನ ಪಕ್ಕ ನಿಂತು ಓರ್ವಿಲ್ ಕೈಯಲ್ಲಿ ಒಂದು ಫೋಟೊ ತೆಗೆಸಿ ಅದನ್ನೂ ಇಟ್ಟೆ. ಈ ಸಲ ನೆರಳು ಬೀಳದ ಹಾಗೆ ನಿಂತಿದ್ದೆ.

ಟೀವಿಯಲ್ಲಿ ನೀನು ಹೇಳಿದ್ದನ್ನು ನುಂಗಿಕೊಂಡೆ. ಕಲ್ಲು ಬಂದಾಗಲೂ ನುಂಗಿಕೊಂಡೆ. ಮಗುವಿನ ಹಾಲಿಗೋಸ್ಕರ ಅಂದೆಯಲ್ಲ, ಅದಕ್ಕೆ. ಒಂದು ವಾರ ಕೇಳಿದ್ದೆ. ಹಾಸಿಗೆಗೆ ಹೊಸ ಬಟ್ಟೆ ಹಾಸಿದ್ದೆ. ನೀನು ನಾಲ್ಕು ಗಂಟೆಯ ರೈಲು ಹತ್ತಿದೆ, ಹತ್ತುವಾಗ ಫೋಟೊದವನ ಎದುರು ನನ್ನ ಕೈ ಕುಲುಕಿ, "ಸಮಾಧಿ ನೋಡ್ಕೊಳ್ಳಿ, ನೈಬರ್ಗಮ್ಮ," ಅಂದೆ. ಕೈಗೆ ಎಲ್ಲ ಗೊತ್ತಾಗುತ್ತದೆ ಅಂತ ಬರೆದಿದ್ದೆನಲ್ಲ. ಗೊತ್ತಾಯಿತು.

ಆಗಸ್ಟಿನವರೆಗಿನ ನಿನ್ನ ಕಾಗದಗಳನ್ನು ಓದಿದೆ. ಅಕ್ಟೋಬರಿನದನ್ನು ಮೂರು ಸಲ ಓದಿದೆ. ಯೋಚನೆ ಮಾಡದೆ ಬರೆದೆ ಅಂದುಕೊಳ್ಳಬೇಡ.

ಮಗುವನ್ನು ಕಳಿಸು. ನೀನು ಬರಬೇಡ.

ಅವಳಿಗೆ ನಾನು ನೈಬರ್ಗ್ ಅಜ್ಜಿ ಅಂತ ಗೊತ್ತಿದೆ, ಹಾಗೇ ಇರಲಿ. ನಿಜವಾದ ಅಜ್ಜಿ ಕಲ್ಲಿನ ಕೆಳಗಿದ್ದಾಳೆ ಅಂತ ನೀನೇ ಹೂವಿಡಿಸಿ ಕಲಿಸಿದ್ದೀಯ. ಅವಳ ಅಮ್ಮನೂ ಹೋದಳು ಅಂತ ನಾನು ಹೇಳುತ್ತೇನೆ. ಹೇಗೆ ಹೇಳಬೇಕು ಅಂತ ನಿನ್ನನ್ನು ನೋಡಿಯೇ ಕಲಿತೆ, ಮೂರು ನಿಮಿಷದ ಕೆಲಸ. ಮಗು ಅಳುತ್ತದೆ. ಆಮೇಲೆ ಹಾಲು ಕುಡಿಯುತ್ತದೆ. ಇಲ್ಲಿ ಹಾಲು ಕೆಡುವುದಿಲ್ಲ.

ಕಾಗದ ಬರೆಯಬಾರದು, ಫೋನು ಮಾಡಬಾರದು, ದೊಡ್ಡವಳಾದ ಮೇಲೆ ಎದುರಿಗೆ ಬಂದು ನಿಲ್ಲಬಾರದು. ಕಲ್ಲಿನ ಹಿಂಬದಿ ಖಾಲಿ ಇದೆ. ಹೆಸರು ಕೊರೆಯುವವನು ಪಕ್ಕದ ಊರಿನಲ್ಲೇ ಇದ್ದಾನೆ.

ಒಪ್ಪಿಗೆಯಿಲ್ಲದಿದ್ದರೆ ಅನಾಥಾಲಯವಿದೆ. ಒಪ್ಪಿಗೆಯಿದ್ದರೆ ದಪ್ಪ ಕೋಟು ಹಾಕಿ ಕಳಿಸು. ಇಲ್ಲಿ ಹಿಮ ಶುರುವಾಗಿದೆ.

ಶ್ರೀಮತಿ ನೈಬರ್ಗ್

---

ಬ್ರೂಕ್ಲಿನ್
22 ನವೆಂಬರ್ 1953

ಮಾನ್ಯ ಶ್ರೀಮತಿ ನೈಬರ್ಗ್ ಅವರಿಗೆ,

ಕೊರಿನ್ ಗುರುವಾರ ಮಧ್ಯಾಹ್ನದ ರೈಲಿಗೆ ಬರುತ್ತಾಳೆ. ಜೊತೆಗೆ ಚರ್ಚಿನ ಒಬ್ಬ ಹೆಂಗಸು ಇರುತ್ತಾರೆ. ಕೆಂಪು ಕೋಟು ಹಾಕಿದ್ದೇನೆ, ಅದರ ಒಳಪದರ ನಾನೇ ಹೊಲಿದದ್ದು. ನೀಲಿ ಶಾಲನ್ನೂ ಅವಳ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದು ಯಾರದು ಅಂತ ಅವಳು ಕೇಳಿದರೆ ನಿಮಗೆ ತೋಚಿದ್ದು ಹೇಳಿ.

ಹಾಲಿನ ಮೇಲೆ ಕೆನೆಯಿದ್ದರೆ ಕುಡಿಯುವುದಿಲ್ಲ, ಸೋಸಿ ಕೊಡಿ. ಎಡಗಿವಿ ಚಳಿಗೆ ನೋಯುತ್ತದೆ. ಮಲಗುವಾಗ ಯಾರಾದರೂ ಅಂಗೈ ಹಿಡಿದುಕೊಂಡಿರಬೇಕು, ಸ್ವಲ್ಪ ಹೊತ್ತು ಸಾಕು.

ಅವಳಿಗೆ ನಾನು ಏನೂ ಹೇಳಿಲ್ಲ. ನಾಲ್ಕು ದಿನ ಅಜ್ಜಿಯ ಊರು ನೋಡಿ ಬಾ, ಅಮ್ಮ ಮುಂದಿನ ರೈಲಿಗೆ ಬರುತ್ತಾಳೆ ಅಂದಿದ್ದೇನೆ. ನೀವು ಹೇಳಬೇಕಾದ್ದನ್ನು ದಯವಿಟ್ಟು ಕ್ರಿಸ್‌ಮಸ್ ಕಳೆದ ಮೇಲೆ ಹೇಳಿ.

ಇಂತು,
ಕೊರಿನ್‌ಳನ್ನು ಕಳಿಸುತ್ತಿರುವವಳು